ಡ್ರಿಪ್ ಬಗ್ಗೆ ವೆಬಿನಾರ್, 150 ಜನ: ಫ್ರೀ ಝೂಮ್ ಸಾಕಾ?

ಅಡಿಕೆನಾಡು:
ಶಿವಮೊಗ್ಗದಲ್ಲಿ ನಮ್ಮದು ಡ್ರಿಪ್ (ಹನಿ ನೀರಾವರಿ) ಸಾಮಾನಿನ ಅಂಗಡಿ. ಫಿಲ್ಟರ್ ತೊಳೆಯೋದು, ಪೈಪ್ ಕಟ್ಟಿಕೊಂಡರೆ ಬಿಡಿಸೋದು, ಇದರ ಮೇಲೆ ಗಿರಾಕಿಗಳಿಗೆ ಒಂದೂವರೆ ಗಂಟೆಯ ವೆಬಿನಾರ್ ಇಡಬೇಕು. ಸುಮಾರು 150 ಜನ, ಮುಕ್ಕಾಲು ಪಾಲು ಮೊಬೈಲಲ್ಲೇ ನೋಡೋರು. ತಜ್ಞರು ಅವರ ಮನೆಯಿಂದ ಮಾತಾಡ್ತಾರೆ, ಪಿಪಿಟಿ ನಾವು ಓಡಿಸ್ತೀವಿ. ಫ್ರೀ ಝೂಮ್ ಸಾಕಾ?

ವೈರ್‌ಮ್ಯಾನ್:
ಸಾಕಾಗಲ್ಲ ಸರ್. ಅದರಲ್ಲಿ 100 ಜನ, 40 ನಿಮಿಷ. ಗಡುವು ಮುಗಿದರೆ ಎಲ್ಲರೂ ಹೊರಗೆ. ಗೂಗಲ್ ಮೀಟ್ ಫ್ರೀ ಕೂಡ 100 ಜನ, 60 ನಿಮಿಷ.

ಕಾಸಿಲ್ಲದೆ ಆಗಬೇಕಂದ್ರೆ ಯೂಟ್ಯೂಬ್ ಲೈವ್. ನೀವು ಮತ್ತು ತಜ್ಞರು ಇಬ್ಬರೇ ಮೀಟ್‌ನಲ್ಲಿ ಇರಿ. ಇಬ್ಬರೇ ಇದ್ದರೆ 60 ನಿಮಿಷದ ಕಟ್ಟು ಇಲ್ಲ, ಮೂರನೆಯವರು ಸೇರಿದರೆ ಬರುತ್ತೆ. ಆ ಕಿಟಕಿಯನ್ನೂ ಪಿಪಿಟಿಯನ್ನೂ ಓಬಿಎಸ್‌ನಿಂದ (ಪರದೆ, ಸೌಂಡ್ ಹಿಡಿದು ಲೈವ್ ಕಳಿಸೋ ಫ್ರೀ ಸಾಫ್ಟ್‌ವೇರ್) ಹಿಡಿದು ಯೂಟ್ಯೂಬಿಗೆ ಕಳಿಸಿ. ಪಿಪಿಟಿಯನ್ನು ಮೀಟ್‌ನಲ್ಲೂ ಶೇರ್ ಮಾಡಿ, ಇಲ್ಲದಿದ್ದರೆ ಯಾವ ಸ್ಲೈಡ್ ಓಡ್ತಿದೆ ಅಂತ ಅವರಿಗೆ ಗೊತ್ತಾಗಲ್ಲ.

ಓಬಿಎಸ್‌ನಲ್ಲಿ ವಿಡಿಯೋ ಗುಣಮಟ್ಟ 720ಪಿ, ಬಿಟ್‌ರೇಟ್ (ಸೆಕೆಂಡಿಗೆ ಕಳಿಸೋ ಡೇಟಾ) 4000 ಕೆಬಿಪಿಎಸ್ ಇಡಿ. ಅಪ್‌ಲೋಡ್ 6 ಎಂಬಿಪಿಎಸ್ ಆದರೂ ಬೇಕು. ಡೌನ್‌ಲೋಡ್ 100 ಇದೆ ಅಂತ ನಂಬಿ ಕೂರಬೇಡಿ. ವೈಫೈ ಬೇಡ, ಲ್ಯಾನ್ ಕೇಬಲ್ ಚುಚ್ಚಿ. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಉಳಿಯುತ್ತೆ, ರೂಟರ್ ಸಾಯುತ್ತೆ. ಅದಕ್ಕೂ ಫೈಬರ್ ಡಬ್ಬಿಗೂ ಯುಪಿಎಸ್ ಕೊಡಿ.

ಚಾನೆಲ್‌ನಲ್ಲಿ ಮೊದಲ ಸಲ ಲೈವ್ ಆನ್ ಮಾಡಿದರೆ ಶುರುವಾಗಲು 24 ಗಂಟೆವರೆಗೆ ಹಿಡಿಯಬಹುದು. ಹಿಂದಿನ ರಾತ್ರಿ ನೆನಪಾಗಿ ಪ್ರಯೋಜನವಿಲ್ಲ.

ಮೈಕ್‌ಪೆಟ್ಟಿಗೆ:
ಸೌಂಡಿನ ಮಾತು ಸೇರಿಸ್ತೀನಿ. ಹೆಡ್‌ಫೋನ್ ಹಾಕಲೇಬೇಕು. ಸ್ಪೀಕರ್ ಬಿಟ್ಟರೆ ತಜ್ಞರ ದನಿ ಒಂದು ಸಲ ಕಂಪ್ಯೂಟರಿಂದ, ಇನ್ನೊಂದು ಸಲ ನಿಮ್ಮ ಮೈಕಿಂದ ಹೋಗಿ, ಬಾವಿಯೊಳಗೆ ಮಾತಾಡಿದ ಹಾಗೆ ಕೇಳುತ್ತೆ. ಲೈವ್ ಬರ್ತಿದೆಯಾ ಅಂತ ಅದೇ ಕಂಪ್ಯೂಟರಲ್ಲಿ ಯೂಟ್ಯೂಬ್ ತೆರೆದರೆ, 20 ಸೆಕೆಂಡ್ ಹಳೆಯ ಮಾತು ಮತ್ತೆ ಲೈವಿಗೇ ನುಗ್ಗುತ್ತೆ. ಮೊಬೈಲಲ್ಲಿ, ಇಯರ್‌ಫೋನ್ ಹಾಕಿ ನೋಡಿ. ವಾಟ್ಸಾಪ್ ವೆಬ್ ಮುಚ್ಚಿ. ಆ ಟಿಣ್ ಟಿಣ್ ಕೂಡ ಎಲ್ಲರಿಗೂ ಕೇಳುತ್ತೆ.

ಅಕ್ಷರಮಾಲೆ:
ತಜ್ಞರು ಪಿಪಿಟಿಯನ್ನು ಹಳೆಯ ನುಡಿ ಫಾಂಟಲ್ಲಿ ಮಾಡಿದ್ದಾರಾ ಕೇಳಿ. ಆ ಫಾಂಟ್ ನಿಮ್ಮಲ್ಲಿ ಇಲ್ಲದಿದ್ದರೆ ಕನ್ನಡದ ಬದಲು ಇಂಗ್ಲಿಷ್ ಚಿಹ್ನೆಗಳ ರಾಶಿ ಬರುತ್ತೆ. ಯೂನಿಕೋಡ್ ಇರಲಿ, ಜೊತೆಗೆ ಒಂದು ಪಿಡಿಎಫ್ ತರಿಸಿಕೊಳ್ಳಿ. ಅಕ್ಷರ 30ಕ್ಕಿಂತ ಚಿಕ್ಕದು ಬೇಡ. ಮೊಬೈಲ್ ಉದ್ದಕ್ಕೆ ಹಿಡಿದವರಿಗೆ ಇಡೀ ಸ್ಲೈಡ್ ಬೆಂಕಿಪೊಟ್ಟಣದಷ್ಟೇ.

ಅಡಿಕೆನಾಡು:
ಉಪಕಾರ ಆಯ್ತು. ಪ್ರಶ್ನೆ ತಗೊಳ್ಳೋದು ಹೇಗೆ?

ವೈರ್‌ಮ್ಯಾನ್:
ಚಾಟ್ ನೋಡೋಕೇ ಒಬ್ಬರನ್ನು ಕೂರಿಸಿ, ಆರಿಸಿದ ಪ್ರಶ್ನೆ ಚೀಟಿಯಲ್ಲಿ ಬರೆದು ಕೊಡಲಿ. ನಿಮ್ಮ ಮಾತು ನೋಡೋರಿಗೆ ತಡವಾಗಿ ತಲುಪುತ್ತೆ, ಟೈಪ್ ಮಾಡೋಕೆ ಇನ್ನೊಂದು ನಿಮಿಷ. "ಪ್ರಶ್ನೆ ಇದೆಯಾ" ಅಂತ ಕೇಳಿ ತಕ್ಷಣ "ಇಲ್ಲ ಅನ್ಸುತ್ತೆ" ಅಂದುಬಿಡಬೇಡಿ. ಪ್ರಶ್ನೆ ಕಳಿಸಿ ಅಂತ ಮುಗಿಸೋ ಐದು ನಿಮಿಷ ಮೊದಲೇ ಹೇಳಿ, ತಜ್ಞರು ಮಾತು ಮುಂದುವರಿಸಲಿ.