‘ಕಣ್ಣೆಣಿಕೆ’ ಎಂಬ ಪದ ನಿಮ್ಮ ಕಡೆ ಇದೆಯೇ?

ತೀರ್ಥಹಳ್ಳಿ ಹತ್ತಿರದ ನಮ್ಮೂರಿನಲ್ಲಿ ಮಕ್ಕಳಿಗೆ ಚದುರಂಗದ ಪಂದ್ಯ ಇಟ್ಟುಕೊಂಡಿದ್ದೇವೆ. ನಿಯಮಗಳನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸುವ ಕೆಲಸ ನನ್ನ ತಲೆಗೆ ಬಂದಿದೆ.

‘ಮುಟ್ಟಿದ ಕಾಯಿಯನ್ನು ನಡೆಸಲೇಬೇಕು’ ಎಂಬುದಕ್ಕೆ ತೊಡಕಿಲ್ಲ. ಬೇಕೆಂದೇ ಮುಟ್ಟಿದರೆ ಮಾತ್ರ ಫಿಡೆ (ಅಂತರರಾಷ್ಟ್ರೀಯ ಚದುರಂಗ ಒಕ್ಕೂಟ) ನಿಯಮ ಅನ್ವಯಿಸುತ್ತದೆ. ಅಂಗಿಯ ತೋಳು ತಾಗಿದರೆ ತಪ್ಪಿಲ್ಲ. ಓರೆಯಾದ ಕಾಯಿಯನ್ನು ನೆಟ್ಟಗಿಡುವ ಮುನ್ನ, ಅದೂ ತನ್ನ ಸರದಿಯಲ್ಲಿ ಮಾತ್ರ, ‘ಜಾದೂಬ್’ ಎನ್ನುವ ಫ್ರೆಂಚ್ ರೂಢಿಯಿದೆ. ಅದಕ್ಕೆ ಕನ್ನಡದಲ್ಲಿ ಗೆಳೆಯರೊಬ್ಬರು ‘ಸರಿಹೊಂದಿಸುತ್ತಿದ್ದೇನೆ’ ಎಂದು ಸೂಚಿಸಿದರು. ಆ ಪದ ಮುಗಿಯುವಷ್ಟರಲ್ಲಿ ಕೈ ಕಾಯಿಯ ಮೇಲಿರುತ್ತದೆ! ‘ಸರಿ ಇಡುತ್ತೇನೆ’ ಎಂದೇ ಬರೆದಿದ್ದೇನೆ.

ಪೆನ್ನು ನಿಂತದ್ದು ಮುಂದಿನ ಸಾಲಿನಲ್ಲಿ. ಕೆಲವು ಮಕ್ಕಳು ಯೋಚಿಸುವಾಗ ಹಾಸಿನ ಮೇಲೆ ಬೆರಳು ಆಡಿಸುತ್ತಾರೆ: ಕುದುರೆ ಇಲ್ಲಿಗೆ, ಅವನ ಆನೆ ಅಲ್ಲಿಗೆ. ಕಳೆದ ಸಲ ಒಬ್ಬ ಹುಡುಗ ತಾನು ಕಣ್ಣಿಟ್ಟ ಮನೆಯ ಗುರುತಿಗೆ ಒಂದು ಗೋಟಡಿಕೆಯನ್ನೇ ಇಟ್ಟುಬಿಟ್ಟ. ಎದುರಾಳಿಗೆ ಕಿರಿಕಿರಿ ಮಾಡಬಾರದು, ಟಿಪ್ಪಣಿ ನೋಡಬಾರದು, ಇನ್ನೊಂದು ಹಾಸಿನ ಮೇಲೆ ಆಡಿ ನೋಡಬಾರದು ಎಂದು ನಿಯಮವೇ ಇದೆ. ಹಾಗಾದರೆ ಕೈ ಆಡಿಸದೆ ಮನಸ್ಸಿನಲ್ಲೇ ಕಾಯಿ ನಡೆಸಿ ನೋಡುವುದಕ್ಕೆ ಏನೆನ್ನಬೇಕು?

‘ಮನಗಾಣು’ ಬಿಡಿಸಿದರೆ ಅದೇ ಅರ್ಥ ಬರುತ್ತದೆ. ಆದರೆ ಬಳಕೆಯಲ್ಲಿ ಅದು ‘ಅರಿತುಕೊಳ್ಳು’ ಎಂದಾಗಿಹೋಗಿದೆ; ‘ಸೋಲನ್ನು ಮನಗಂಡ’ ಎಂದರೆ ಆಟವೇ ಮುಗಿದಂತೆ. ‘ಕಣ್ಣಿಗೆ ಕಟ್ಟು’ ಚೆನ್ನಾಗಿದೆ, ನಾಮಪದ ಮಾಡಹೊರಟರೆ ‘ಕಣ್ಕಟ್ಟು’ ಆಗಿ ಮಾಟಗಾರನ ಪಾಲಾಗುತ್ತದೆ. ‘ಮುಂಗಾಣ್ಕೆ’ಯಲ್ಲಿ ದೂರದೃಷ್ಟಿಯ ಗಾಂಭೀರ್ಯ ಹೆಚ್ಚು, ಎರಡು ನಡೆ ಮುಂದೆ ನೋಡುವ ಹತ್ತು ವರ್ಷದ ಹುಡುಗಿಗೆ ಅದು ಭಾರ. ‘ದೃಶ್ಯೀಕರಣ’ವನ್ನು ಗೋಡೆಗೆ ಅಂಟಿಸಲು ನನಗಂತೂ ಮನಸ್ಸಿಲ್ಲ. ಉಕ್ರೇನಿನ ಚದುರಂಗದ ಆಟಗಾರ ಇವಾನ್‌ಚುಕ್ ಹಾಸನ್ನು ಬಿಟ್ಟು ಚಾವಣಿ ನೋಡುತ್ತಾ ಯೋಚಿಸುವುದಕ್ಕೆ ಹೆಸರುವಾಸಿ. ನಮ್ಮ ಜಗಲಿಯಲ್ಲಿ ಹಾಗೆ ಕುಳಿತರೆ ‘ಜಂತೆ ಎಣಿಸುತ್ತಿದ್ದಾನೆ’ ಎಂದು ನಗುತ್ತಾರೆ, ಪಾಪ.

ಆ ‘ಎಣಿಸು’ವಿನಿಂದಲೇ ಒಂದು ನೆನಪಾಯಿತು. ಚೆನ್ನೆಮಣೆಯಲ್ಲಿ ಕೊನೆಯ ಕಾಳು ಯಾವ ಗುಳಿಗೆ ಬೀಳುತ್ತದೆ ಎಂದು ನಾವು ಬೆರಳಿಟ್ಟು ಲೆಕ್ಕ ಹಾಕಿದರೆ ಅಜ್ಜಿ ಕೈಗೊಂದು ಏಟು ಕೊಟ್ಟು, ‘ಕಣ್ಣಲ್ಲಿ ಎಣಿಸು’ ಎನ್ನುತ್ತಿದ್ದರು. ಅದರಿಂದ ‘ಕಣ್ಣೆಣಿಕೆ’ ಎಂದು ಕಟ್ಟಿಕೊಂಡಿದ್ದೇನೆ. ‘ಬೆರಳೆಣಿಕೆ ಬೇಡ, ಕಣ್ಣೆಣಿಕೆ ಸಾಕು’ ಎಂದು ಬರೆದರೆ ಮಕ್ಕಳಿಗೆ ಹೇಳಿಕೊಡಬೇಕಾಗಿಯೇ ಇಲ್ಲ. ‘ಬೆರಳೆಣಿಕೆಯಷ್ಟು’ ಎಂದರೆ ‘ಕೆಲವೇ’ ಎಂಬ ಅರ್ಥ ಅಡ್ಡ ಬಂದೀತೇ ಎಂಬ ಅಳುಕು ಮಾತ್ರ ಇದೆ.

ಸಾಗರ, ಸೊರಬ, ಹೊಸನಗರದ ಕಡೆ ಹುಲಿ-ಕುರಿ ಆಡುವವರ ಬಾಯಲ್ಲಿ ಇದಕ್ಕೆ ಬೇರೆ ಮಾತಿದೆಯೇ? ಬೆರಳು ಆಡಿಸುವವನನ್ನು ಗದರಲು ಏನನ್ನುತ್ತಾರೆ ಎಂಬುದೂ ಗೊತ್ತಾದರೆ ಒಳ್ಳೆಯದು. ಭಾನುವಾರದೊಳಗೆ ಹಾಳೆ ಬರೆದು ಮುಗಿಸಬೇಕು.