ದಾವೋಸ್‌ನ ಆಲ್ಪ್ಸ್ ಎಪಿಕ್ ಟ್ರೇಲ್: ಏರಿಗಿಂತ ಇಳಿಕೆಗೆ ತಯಾರಾಗಿ

ಪ್ರಶ್ನೆ: ಸರ್, ಜುಲೈ ಕೊನೇ ವಾರ ನಾವು ಮೂವರು ಬೆಂಗಳೂರಿಂದ ಸ್ವಿಟ್ಜರ್ಲೆಂಡಿನ ದಾವೋಸ್‌ಗೆ ಸೈಕ್ಲಿಂಗ್ ರಜೆಗೆ ಹೊರಟಿದ್ದೀವಿ. ಯಾಕೋಬ್ಸ್‌ಹಾರ್ನ್ ಶಿಖರದಿಂದ ಫಿಲಿಸೂರ್ ಹಳ್ಳಿವರೆಗಿನ ಆಲ್ಪ್ಸ್ ಎಪಿಕ್ ಟ್ರೇಲ್ ಅನ್ನೋ ಬೆಟ್ಟದ ಸೈಕಲ್ ದಾರಿ ಮುಖ್ಯ ಗುರಿ. ತುರಹಳ್ಳಿ ಕಾಡಲ್ಲಿ ಓಡಿಸ್ತೀವಿ, ನಂದಿಬೆಟ್ಟ ಹತ್ತಿ ರೂಢಿ ಇದೆ. ಅಷ್ಟು ಎತ್ತರದಲ್ಲಿ ಉಸಿರು ಸಾಲದೆ ಹೋಗುತ್ತಾ ಅನ್ನೋದೇ ಭಯ. ಸೈಕಲ್ ಇಲ್ಲಿಂದ ಒಯ್ಯೋದಾ, ಅಲ್ಲೇ ಬಾಡಿಗೆಗೆ ತಗೊಳ್ಳೋದಾ?

ಉತ್ತರ: ಉಸಿರಿನ ಚಿಂತೆ ಬದಿಗಿಡಿ, ಬ್ರೇಕಿನ ಚಿಂತೆ ಮಾಡಿ. ದಾವೋಸ್ ಇರುವುದು 1560 ಮೀಟರ್ ಎತ್ತರದಲ್ಲಿ, ಮಲಗುವುದು ಅಲ್ಲೇ. ಯಾಕೋಬ್ಸ್‌ಹಾರ್ನ್ 2590 ಮೀಟರ್, ಅಲ್ಲಿಗೆ ಕೇಬಲ್ ಕಾರ್ ಒಯ್ಯುತ್ತದೆ. ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಭಾಗಕ್ಕಿಂತ ತುಸು ಕಡಿಮೆ. ಹಾಗಾಗಿ ಏರಿನಲ್ಲಿ ಏದುಸಿರು ಬರುತ್ತದೆ, ಒಂದು ಗೇರ್ ಹಗುರ ಮಾಡಿಕೊಂಡರೆ ಆಯಿತು. ಮೊದಲ ದಿನವೇ ಈ ಟ್ರೇಲ್ ಇಟ್ಟುಕೊಳ್ಳಬೇಡಿ. ಎರಡು ದಿನ ಕೆಳಗಿನ ಕಣಿವೆಗಳಲ್ಲಿ ಓಡಿಸಿ, ಆಮೇಲೆ ಹತ್ತಿ.

ಇಳಿಕೆಯ ಲೆಕ್ಕ ಬೇರೆ. ಫಿಲಿಸೂರ್ ಸುಮಾರು 1080 ಮೀಟರ್‌ನಲ್ಲಿದೆ, ಅಂದರೆ 1500 ಮೀಟರ್ ಕೆಳಗಿಳಿಯಬೇಕು. ನಡುವೆ ಏರುಗಳೂ ಇರುವುದರಿಂದ ಒಟ್ಟು ಇಳಿಕೆ ಇನ್ನೂ ಜಾಸ್ತಿ. ನೀವು, ಸೈಕಲ್ಲು, ಬ್ಯಾಗು ಸೇರಿ 95 ಕಿಲೋ ಅಂದುಕೊಂಡರೆ 1500 ಮೀಟರಿಗೆ ಸುಮಾರು 1.4 ಮೆಗಾಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ನಾಲ್ಕು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ ಅದು. ವೇಗದ ದಾರಿಯಲ್ಲಿ ಎದುರುಗಾಳಿ ಸುಮಾರಷ್ಟನ್ನು ನುಂಗುತ್ತದೆ. ಕಡಿದಾದ ಕಲ್ಲುದಾರಿಯಲ್ಲಿ ನಿಧಾನವಾಗಿ ಇಳಿಯುವಾಗ ಬಹುಪಾಲು ಬ್ರೇಕಿನ ಎರಡು ಡಿಸ್ಕ್‌ಗಳಿಗೇ ಹೋಗುತ್ತದೆ.

ಸೈಕಲ್ ಅಲ್ಲೇ ಬಾಡಿಗೆಗೆ ತಗೊಳ್ಳಿ, ಪೆಡಲ್ ಮತ್ತು ಹೆಲ್ಮೆಟ್ ಮಾತ್ರ ನಿಮ್ಮದು. 140ರಿಂದ 150 ಮಿ.ಮೀ. ಸಸ್ಪೆನ್ಷನ್, ನಾಲ್ಕು ಪಿಸ್ಟನ್ ಬ್ರೇಕ್, ಮುಂದೆ 200 ಅಥವಾ 203 ಮಿ.ಮೀ. ಡಿಸ್ಕ್ ಇರುವುದನ್ನೇ ಕೇಳಿ. ಅಂಗಡಿಯಲ್ಲೇ ನೋಡಬೇಕಾದದ್ದು: ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡಿನಲ್ಲಿ ಉಜ್ಜುವ ಪದರ ಎಷ್ಟು ಉಳಿದಿದೆ? ಶಿಮಾನೋ ಕಂಪನಿಯ ಬ್ರೇಕುಗಳಲ್ಲಿ 0.5 ಮಿ.ಮೀ. ಆದಾಗ ಬದಲಿಸಬೇಕು ಎಂದಿದೆ. ಆದರೆ ಒಂದೂವರೆಗಿಂತ ಕಡಿಮೆ ಇದ್ದರೆ ಈ ಟ್ರೇಲ್‌ಗೆ ಹೊಸದನ್ನೇ ಹಾಕಿಸಿಕೊಳ್ಳಿ. ಅವರ ಡಿಸ್ಕ್ ಹೊಸದಿದ್ದಾಗ 1.8 ಮಿ.ಮೀ. ದಪ್ಪ, 1.5ಕ್ಕೆ ಇಳಿದರೆ ಅದರ ಆಯಸ್ಸು ಮುಗಿಯಿತು. ಬ್ರೇಕ್ ಲಿವರ್ ಗಟ್ಟಿಯಾಗಿ ಅದುಮಿ ಹಿಡಿಯಿರಿ. ಅದು ನಿಧಾನವಾಗಿ ಹ್ಯಾಂಡಲ್ ಕಡೆ ಜಾರಿದರೆ ಆ ಸೈಕಲ್ ಬೇಡ.

ಇನ್ನೊಂದು ಮಾತು. ನಮ್ಮಲ್ಲಿ ಬಲಗೈ ಲಿವರ್ ಮುಂದಿನ ಚಕ್ರದ್ದು. ಯೂರೋಪಿನ ಬಾಡಿಗೆ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಎಡಗೈಯದು ಮುಂದಿನದು. ಗಾಬರಿಯಲ್ಲಿ ಹಿಂದಿನದು ಅಂದುಕೊಂಡು ಮುಂದಿನದನ್ನು ಹಿಡಿದರೆ ಹ್ಯಾಂಡಲ್ ಮೇಲಿಂದ ಎಗರಿ ಬೀಳುತ್ತೀರಿ. ಎರಡು ಕೈಗೂ ಹೊಂದುವ ಲಿವರ್ ಆದರೆ ಕ್ಲಾಂಪ್ ಬಿಚ್ಚಿ ಅತ್ತಿತ್ತ ಮಾಡಿಕೊಡುತ್ತಾರೆ. ಇಲ್ಲದಿದ್ದರೆ ಬ್ರೇಕ್ ದ್ರವದ ಹೋಸ್ ಬಿಚ್ಚಿ ಬ್ಲೀಡ್ ಮಾಡಬೇಕು, ಅಂದರೆ ಒಳಗೆ ಸೇರಿದ ಗಾಳಿ ತೆಗೆಯಬೇಕು, ಹಿಂದಿನ ದಿನವೇ ಹೇಳಿಡಿ.

ಪ್ರಶ್ನೆ: ಇಳಿಯುವಾಗ ಬ್ರೇಕ್ ಕೈಕೊಡ್ತಿದೆ ಅಂತ ಮೊದಲೇ ಗೊತ್ತಾಗುತ್ತಾ ಸರ್?

ಉತ್ತರ: ಗೊತ್ತಾಗುತ್ತದೆ, ಎರಡು ಥರ. ಲಿವರ್ ಗಟ್ಟಿಯಾಗೇ ಇದೆ, ಎಷ್ಟು ಅದುಮಿದರೂ ಸೈಕಲ್ ನಿಲ್ಲುತ್ತಿಲ್ಲ, ಸುಟ್ಟ ವಾಸನೆ ಬರುತ್ತಿದೆ ಎಂದರೆ ಪ್ಯಾಡ್ ಕಾದು ಹಿಡಿತ ಬಿಟ್ಟಿದೆ. ಅಂಟಿನಿಂದ ಗಟ್ಟಿಮಾಡಿದ ರೆಸಿನ್ ಪ್ಯಾಡಿನಲ್ಲಿ ಇದು ಬೇಗ ಆಗುತ್ತದೆ. ಲೋಹದ ಪುಡಿಯ ಸಿಂಟರ್ಡ್ ಪ್ಯಾಡ್ ಹೆಚ್ಚು ಶಾಖ ತಡೆಯುತ್ತದೆ, ಆದರೆ ಸದ್ದು ಜಾಸ್ತಿ. ರೆಸಿನ್‌ಗೆ ಮಾತ್ರ ಎಂದು ಅಚ್ಚಾದ ಡಿಸ್ಕ್‌ಗಳಿವೆ, ಅವಕ್ಕೆ ಸಿಂಟರ್ಡ್ ಹಾಕಬಾರದು.

ಲಿವರ್ ಮೆತ್ತಗಾಗಿ ಹ್ಯಾಂಡಲ್‌ವರೆಗೂ ಬರುತ್ತಿದ್ದರೆ ಒಳಗಿನ ದ್ರವ ಕುದಿದಿದೆ ಎಂದರ್ಥ. ಆವಿಯನ್ನು ಅದುಮಬಹುದು, ದ್ರವವನ್ನು ಅದುಮಲಾಗದು, ಅದಕ್ಕೇ ಲಿವರ್ ಹಾಗೆ. ಡಾಟ್ 4 ಎಂಬ ಬ್ರೇಕ್ ದ್ರವ ಹೊಸದಿದ್ದಾಗ 230 ಡಿಗ್ರಿಯವರೆಗೂ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತದೆ.

ಎರಡರಲ್ಲಿ ಯಾವುದಾದರೂ ಸರಿ, ನಿಲ್ಲಿಸಿ ಹತ್ತು ಹದಿನೈದು ನಿಮಿಷ ಆರಲು ಬಿಡಿ. ಬೇಗ ಆರಲಿ ಎಂದು ಬಾಟಲಿ ನೀರು ಸುರಿಯಬೇಡಿ, ಡಿಸ್ಕ್ ಸೊಟ್ಟಗಾಗುತ್ತದೆ. ದ್ರವ ಕುದಿದ ಬ್ರೇಕ್ ಆರಿದ ಮೇಲೆ ಸರಿಯಾದಂತೆ ಕಾಣುತ್ತದೆ, ಆದರೂ ಅದನ್ನು ನಂಬಿ ಮತ್ತೆ ಕಡಿದಾದ ಕಡೆ ಇಳಿಯಬೇಡಿ. ಸೈಕಲ್ ತಳ್ಳಿಕೊಂಡು ಹತ್ತಿರದ ಊರು ಸೇರಿ, ಬ್ಲೀಡ್ ಮಾಡಿಸಿ.

ಇದೆಲ್ಲ ಬಾರದಿರಲು ಒಂದೇ ಅಭ್ಯಾಸ ಸಾಕು. ಉದ್ದಕ್ಕೂ ಬ್ರೇಕ್ ಎಳೆದುಕೊಂಡು ಬರಬೇಡಿ. ತಿರುವಿಗೆ ಮುಂಚೆ ಎರಡನ್ನೂ ಗಟ್ಟಿಯಾಗಿ ಹಿಡಿದು ವೇಗ ತಗ್ಗಿಸಿ, ತಿರುವಿನಲ್ಲಿ ಪೂರ್ತಿ ಬಿಡಿ. ಬಿಟ್ಟಾಗಲೇ ಡಿಸ್ಕ್‌ಗೆ ಗಾಳಿ ತಾಗುವುದು. ಹಿಂದಿನದನ್ನು ಸದಾ ಹಿಡಿದೇ ಇರುವುದು ನಂದಿಯ ಟಾರ್ ರಸ್ತೆಯಲ್ಲಿ ನಡೆಯುತ್ತದೆ, ಇಲ್ಲಿ ಇಳಿಕೆ ಅದರ ಮೂರು ಪಟ್ಟಿಗೂ ಹೆಚ್ಚು.

ಹೊಸ ಪ್ಯಾಡ್ ಹಾಕಿಸಿದ ದಿನವೇ ಟ್ರೇಲ್‌ಗೆ ಹೋಗಬೇಡಿ. ಸಮತಟ್ಟು ರಸ್ತೆಯಲ್ಲಿ 20 ಕಿ.ಮೀ. ವೇಗದಿಂದ ನಡಿಗೆಯ ವೇಗಕ್ಕೆ, ಚಕ್ರ ಲಾಕ್ ಆಗದಂತೆ, ಇಪ್ಪತ್ತು ಸಲ ಇಳಿಸಿ. ಒಂದೊಂದು ಬ್ರೇಕಿಗೂ ಬೇರೆಬೇರೆಯಾಗಿ. ಅಷ್ಟು ಮಾಡಿದರೆ ಪ್ಯಾಡಿನ ತೆಳು ಪದರ ಡಿಸ್ಕ್ ಮೇಲೆ ಸಮನಾಗಿ ಕೂರುತ್ತದೆ.

ಪ್ರಶ್ನೆ: ದಾವೋಸ್‌ನಲ್ಲಿ ಟೈರಿಗೆ ಹೊಡೆದ ಗಾಳಿಯ ಒತ್ತಡ ಮೇಲೆ ಹೋದಾಗ ಹೆಚ್ಚಾಗುತ್ತೆ ಅಂತಾರೆ. ಎಷ್ಟು ಇಟ್ಕೋಬೇಕು? ನನ್ನ ತೂಕ 75 ಕಿಲೋ.

ಉತ್ತರ: ಹೆಚ್ಚಾಗುತ್ತದೆ, ಆದರೆ ತಲೆ ಕೆಡಿಸಿಕೊಳ್ಳುವಷ್ಟಲ್ಲ. ಹೊರಗಿನ ಒತ್ತಡ ಇಳಿಯುವುದರಿಂದ ಸುಮಾರು 1.5 ಪಿ.ಎಸ್.ಐ. ಏರುತ್ತದೆ. ಮೇಲೆ ಆರೇಳು ಡಿಗ್ರಿ ಚಳಿ ಹೆಚ್ಚು, ಅದರಿಂದ 0.8ರಷ್ಟು ಇಳಿಯುತ್ತದೆ. 2.4 ಇಂಚಿನ ಟ್ಯೂಬ್‌ಲೆಸ್ ಟೈರಿಗೆ ಮುಂದೆ 22, ಹಿಂದೆ 25ರಿಂದ ಶುರು ಮಾಡಿ. ಕಲ್ಲಿಗೆ ರಿಮ್ ಬಡಿದ ಸದ್ದು ಕೇಳಿಸಿದರೆ ಹಿಂದೆ ಎರಡು ಏರಿಸಿ. 29 ಇಂಚಿನ ಚಕ್ರಕ್ಕೆ ತೂತು ಮುಚ್ಚುವ ದ್ರವ, ಸೀಲೆಂಟ್, 100 ಮಿ.ಲೀ. ಬೇಕು. ಚಕ್ರ ಅಲ್ಲಾಡಿಸಿ ಕಿವಿಯಿಟ್ಟು ಕೇಳಿ, ಒಳಗೆ ಚಳಕ್ ಅನ್ನದಿದ್ದರೆ ಒಣಗಿದೆ. ತೂತಿಗೆ ತುರುಕುವ ಪ್ಲಗ್ ಕಿಟ್, ಒಂದು ಟ್ಯೂಬ್, ಪಂಪು ಬ್ಯಾಗಿನಲ್ಲಿರಲಿ.

ಪ್ರಶ್ನೆ: ಮಳೆ, ಹಸುಗಳು, ವಾಪಸ್ ಬರೋದು? ನಮ್ಮಲ್ಲೊಬ್ಬರು ಇಲ್ಲಿಂದಲೇ ತಮ್ಮ ಇ-ಬೈಕ್ ತರ್ತೀನಿ ಅಂತಿದ್ದಾರೆ.

ಉತ್ತರ: ಇ-ಬೈಕ್ ಬ್ಯಾಟರಿ ವಿಮಾನದಲ್ಲಿ ಹೋಗುವುದಿಲ್ಲ. ಪ್ರಯಾಣಿಕರಿಗೆ ಮಿತಿ 160 ವಾಟ್ ಅವರ್, ಇವು 500ರ ಆಸುಪಾಸಿನವು. ಅವರಿಗೂ ಬಾಡಿಗೆಯದೇ ಗತಿ.

ಆಲ್ಪ್ಸ್‌ನಲ್ಲಿ ಬೇಸಿಗೆಯ ಗುಡುಗು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಬೆಳಗಿನ ಮೊದಲ ಕೇಬಲ್ ಕಾರ್ ಹಿಡಿದರೆ ಬಯಲು ಏಣನ್ನು ಮಧ್ಯಾಹ್ನದೊಳಗೆ ದಾಟಿ ಮೋನ್‌ಸ್ಟೈನ್ ಹಳ್ಳಿ ಕಡೆಯ ಕಾಡಿಗೆ ಇಳಿದಿರುತ್ತೀರಿ. ದಾರಿಯಲ್ಲಿ ಚಾರಣಿಗರೂ ಇರುತ್ತಾರೆ, ಅವರಿಗೆ ಮೊದಲ ಹಕ್ಕು. ಕರು ಜೊತೆಗಿರುವ ಹಸುಗಳಿಂದ ದೂರದಲ್ಲಿ, ಸೈಕಲ್ ಇಳಿದು, ನಡೆದು ದಾಟಿ. ಕರುವನ್ನು ಮುಟ್ಟಲು ಹೋಗಬೇಡಿ, ತಾಯಿ ನುಗ್ಗುತ್ತದೆ. ವಿದ್ಯುತ್ ತಂತಿಯ ಬೇಲಿಗೆ ಪ್ಲಾಸ್ಟಿಕ್ ಹಿಡಿ ಇರುತ್ತದೆ, ಅದನ್ನೇ ಹಿಡಿದು ತೆಗೆದು, ದಾಟಿದ ಮೇಲೆ ಮತ್ತೆ ಸಿಕ್ಕಿಸಿ.

ಫಿಲಿಸೂರ್‌ನಿಂದ ರೇಟಿಯನ್ ರೈಲು ಅರ್ಧ ಗಂಟೆಯೊಳಗೆ ದಾವೋಸ್ ಮುಟ್ಟಿಸುತ್ತದೆ, ಸೈಕಲ್ಲಿಗೆ ಬೇರೆ ಟಿಕೆಟ್. ದಾರಿಯಲ್ಲಿ 88 ಮೀಟರ್ ಎತ್ತರದ ವೀಸೆನ್ ಕಲ್ಲುಸೇತುವೆ ಸಿಗುತ್ತದೆ, ಕಿಟಕಿ ಪಕ್ಕ ಕೂತುಕೊಳ್ಳಿ. ಪ್ರಯಾಣ ವಿಮೆಯಲ್ಲಿ ಮೌಂಟನ್ ಬೈಕಿಂಗ್ ಮತ್ತು ಹೆಲಿಕಾಪ್ಟರ್ ರಕ್ಷಣೆ ಎರಡೂ ಸೇರಿವೆಯೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ರೇಗಾ ರಕ್ಷಣಾ ಹೆಲಿಕಾಪ್ಟರ್‌ನ ಸಂಖ್ಯೆ 1414, ಮೂವರ ಫೋನಿನಲ್ಲೂ ಈಗಲೇ ಸೇವ್ ಮಾಡಿಕೊಳ್ಳಿ.