ಶಿವಮೊಗ್ಗ, ಭದ್ರಾವತಿ ಸೇರಿ ಒಂದೇ ಊರಾಗ್ತಿದ್ಯಾ?

ನಿದಿಗೆ ಹುಡುಗ:
ನಮ್ಮದು ನಿದಿಗೆ ಹತ್ರ. ಚಿಕ್ಕವನಿದ್ದಾಗ ಬಸ್ಸು ಮಲವಗೊಪ್ಪ ದಾಟಿದ್ರೆ ಎರಡೂ ಕಡೆ ಗದ್ದೆನೇ ಕಾಣ್ತಿತ್ತು, ಈಗ ಬಿ.ಹೆಚ್. ರೋಡ್ ಉದ್ದಕ್ಕೂ ಶೋರೂಮು, ಕಲ್ಯಾಣ ಮಂಟಪ, ಲೇಔಟ್ ಬೋರ್ಡು, 2023ರಲ್ಲಿ ಸೋಗಾನೆ ಏರ್‌ಪೋರ್ಟ್ ಆದ್ಮೇಲಂತೂ ಸೈಟ್ ರೇಟ್ ಕೇಳೋ ಹಂಗೇ ಇಲ್ಲ. ಹುಬ್ಬಳ್ಳಿ-ಧಾರವಾಡದ ಥರ ನಮ್ಮದೂ ಒಂದೇ ಪಾಲಿಕೆ ಆಗುತ್ತಾ? ಆದ್ರೆ ಮಧ್ಯದಲ್ಲಿರೋ ನಮ್ಮಂಥ ಹಳ್ಳಿಯೋರ ಕತೆ ಏನು?

ತುಂಗೆ ದಡದೋನು:
ಮನೆಗೆ ಮನೆ ತಾಗಿದ ಮಾತ್ರಕ್ಕೆ ಊರು ಒಂದಾಗಲ್ಲ ಮಾರಾಯ್ರೆ, ಜನ ದಿನಾ ಎಲ್ಲಿಂದೆಲ್ಲಿಗೆ ಓಡಾಡ್ತಾರೆ ನೋಡಿ. ಮನೆ ಭದ್ರಾವತಿಲಿ, ಕೆಲಸ ಮಾಚೇನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಮಕ್ಕಳ ಕಾಲೇಜು ಶಿವಮೊಗ್ಗದಲ್ಲಿ, ಹಿಂಗಿರೋ ಮನೆಗಳು ಎಷ್ಟಿಲ್ಲ? ಬ್ರಿಟನ್ನಲ್ಲಿ ಕಾರ್ಖಾನೆ ಊರುಗಳು ಹಿಂಗೇ ಬೆಸೆದುಕೊಂಡಿದ್ದು ನೋಡಿ ನಗರ ಯೋಜನೆ ತಜ್ಞ ಪ್ಯಾಟ್ರಿಕ್ ಗೆಡೆಸ್ 1915ರಲ್ಲೇ ಅದಕ್ಕೆ ಕನರ್ಬೇಷನ್ ಅಂತ ಹೆಸರಿಟ್ರು. ನಮ್ಮಲ್ಲಿ ನಗರಾಭಿವೃದ್ಧಿ ಪ್ರಾಧಿಕಾರ ಎರಡೂ ಊರಿಗೆ ಆಗ್ಲೇ ಒಂದೇ. ಆದ್ರೆ ನೀರು, ಕಸ, ಚರಂಡಿಗೆ ಶಿವಮೊಗ್ಗದಲ್ಲಿ ಪಾಲಿಕೆ, ಭದ್ರಾವತಿಲಿ ನಗರಸಭೆ, ನಡುವೆ ಪಂಚಾಯ್ತಿ.

ಕಾಗದನಗರ:
ನಮ್ಮಜ್ಜನ ಕಾಲದಲ್ಲಿ ಓಡಾಟ ಉಲ್ಟಾ ಇತ್ತು. ಬೆಂಕಿಪುರ ಅನ್ನೋ ಸಣ್ಣ ಊರು ಭದ್ರಾವತಿಯಾಗಿ ಬೆಳೆದಿದ್ದೇ ಕಬ್ಬಿಣದ ಕಾರ್ಖಾನೆಯಿಂದ, ಆಮೇಲೆ ಎಂಪಿಎಂ ಕಾಗದದ ಕಾರ್ಖಾನೆ ಬಂತು, ಶಿವಮೊಗ್ಗದಿಂದ ಜನ ಶಿಫ್ಟಿಗೆ ಇಲ್ಲಿಗೆ ಬರೋರು. ಎಂಪಿಎಂ ನಿಂತ್ಹೋಯ್ತು, ಈಗ ಬೆಳಿಗ್ಗೆ ಬಸ್ಸು ತುಂಬೋದು ನಮ್ಮ ಕಡೆಯಿಂದ. ಎರಡು ಊರು ಸೇರೋದು ಬೇಡ ಅನ್ನಲ್ಲ, ಆದ್ರೆ ನಾವು ಬರೀ ಮಲಗೋಕೆ ಮನೆಗೆ ಬರೋ ಊರಾಗ್ಬಾರ್ದು, ಇಲ್ಲೂ ಕೆಲಸ ಬರ್ಬೇಕು.

ಸಾಗರದವಳು, ಈಗ ಧಾರವಾಡ:
ಇಲ್ಲಿ 1962ರಲ್ಲೇ ಹುಬ್ಬಳ್ಳಿ, ಧಾರವಾಡಕ್ಕೆ ಒಂದೇ ಪಾಲಿಕೆ ಮಾಡಿದ್ರು, ಎರಡೂ ಊರ ನಡುವೆ ಬಿಆರ್‌ಟಿಎಸ್ ಬಸ್ಸಿಗೆ ಪ್ರತ್ಯೇಕ ದಾರಿನೇ ಇದೆ, ಓಡಾಟಕ್ಕೆ ನಿಜವಾಗ್ಲೂ ಅನುಕೂಲ. ಆದ್ರೂ ದುಡ್ಡೆಲ್ಲಾ ಹುಬ್ಬಳ್ಳಿಗೇ ಹೋಗುತ್ತೆ ಅಂತ ಧಾರವಾಡದೋರು ವರ್ಷಗಟ್ಟಲೆ ಕೂಗಾಡಿದ್ರು, 2025ರ ಜನವರಿಲಿ ಬೇರೆ ಪಾಲಿಕೆಗೆ ಸಚಿವ ಸಂಪುಟ ಒಪ್ಪಿಗೆ ಕೊಡ್ತು. ಅದಕ್ಕೇ ಹೇಳೋದು, ಮೊದ್ಲು ಬಸ್ಸು, ಚರಂಡಿ ಒಟ್ಟಿಗೆ ಪ್ಲಾನ್ ಮಾಡ್ಲಿ, ಬೋರ್ಡ್ ಬದಲಾಯಿಸೋದು ಆಮೇಲೆ.

ನಿದಿಗೆ ಹುಡುಗ:
ಚರಂಡಿ ಅಂದ್ರಲ್ಲ ಅಕ್ಕ, ನಮ್ಮ ತಲೆಬಿಸಿ ಅದೇ. ಮೇಲೆ ಲೇಔಟ್ ಆಯ್ತು, ಅದರ ಕೊಳಚೆ ನೀರು ಗದ್ದೆ ಕಾಲುವೆಗೆ ಬರ್ತಿದೆ, ಯಾರನ್ನ ಕೇಳಿದ್ರೂ ನಮ್ಮ ವ್ಯಾಪ್ತಿಗೆ ಬರಲ್ಲ ಅಂತಾರೆ. ಈ ಸಲ ನಾಟಿಗೆ ಇಳಿಯೋಕೆ ಆಳುಗಳೇ ಒಪ್ತಿಲ್ಲ.